ಹಾಡಿನ ಉದ್ರಿ

(ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ ಸಭೆಯಲ್ಲಿ ಹಾಡಿನ ಮಾತೇಕೆ ಎಂದು ಕೆಲವರು ಕೇಳಬಹುದು. ಹಾಡೂ ದುಡಿಮೆಯೇ. ಅದಕ್ಕೂ ಕೂಲಿಯುಂಟು, ಆ ಕೂಲಿಗೂ ಕಳ್ಳರುಂಟು. ಆದ್ದರಿಂದ ಇದು ನಮ್ಮದೇ ಪ್ರಶ್ನೆ.

ಅಮೇರಿಕೆಯ ಎಲ್ವಿಸ್ ಪ್ರೀಸ್ಲಿಯ ಹೆಸರನ್ನು ಕೇಳಿದ್ದೀರಿ. 1935ರಲ್ಲಿ ಎರಡು ಕೋಣೆಯ ಮನೆಯಲ್ಲಿ ಹುಟ್ಟಿದ ಬಡವರ ಮಗ; ಒಂದು ಕಾಲಕ್ಕೆ ಲಾರಿ ಓಡಿಸಿದವನು. 1977ರಲ್ಲಿ ತೀರಿಕೊಂಡಾಗ ರಾಕ್ ಅಂಡ್ ರೋಲ್ ಸಂಗೀತದ ದೊರೆಯೆನಿಸಿದ್ದನು. ಅವನನ್ನು ನೆನೆದು ಬೇರೆಯವರು ಎಷ್ಟೋ ಹಾಡು ಕಟ್ಟಿದರು. ಪಾಲ್ ಸೈಮನ್ 1986ರಲ್ಲಿ ಎಲ್ವಿಸನ ಮನೆಯ ಹೆಸರನ್ನೇ ಇಟ್ಟು ‘ಗ್ರೇಸ್‌ಲ್ಯಾಂಡ್’ ಹಾಡಿದನು. 1989ರಲ್ಲಿ ಅಲಾನಾ ಮೈಲ್ಸ್ ‘ಬ್ಲ್ಯಾಕ್ ವೆಲ್ವೆಟ್’ ಹಾಡಿದಳು. 1991ರಲ್ಲಿ ಡೈರ್ ಸ್ಟ್ರೇಟ್ಸ್ ತಂಡದವರು ‘ಕಾಲಿಂಗ್ ಎಲ್ವಿಸ್’ ಎಂದರು. ದೊರೆಯ ಹೆಸರು ಹೀಗೆ ಉಳಿಯಿತು. ಆದರೆ ದೊರೆಗೆ ಹಾಡು ಕೊಟ್ಟವರು ಯಾರು?

1954ರಲ್ಲಿ ಎಲ್ವಿಸನ ಮೊದಲ ತಟ್ಟೆಯಲ್ಲಿ ಬಂದ ‘ದಟ್ಸ್ ಆಲ್ ರೈಟ್’ ಆರ್ಥರ್ ಕ್ರುಡಪ್ ಎಂಬ ಕರಿಯ ಹಾಡುಗಾರನದು. ಅವನು ಅದನ್ನು ಹಾಡಿದ್ದು 1946ರಲ್ಲಿ. 1956ರಲ್ಲಿ ಎಲ್ವಿಸನಿಗೆ ಭಾರಿ ಹೆಸರು ತಂದ ‘ಹೌಂಡ್ ಡಾಗ್’ ಅನ್ನು 1952ರಲ್ಲೇ ಮೊದಲು ಹಾಡಿದವಳು ‘ಬಿಗ್ ಮಾಮಾ’ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು. ಆ ಹಾಡಿನಿಂದ ತನಗೆ ದಕ್ಕಿದ್ದು 500 ಡಾಲರಿನ ಒಂದೇ ಚೆಕ್ಕೆಂದು ಆಕೆ ಹೇಳಿದ್ದಾಳೆ. ಕ್ರುಡಪ್ ಕೂಲಿನಾಲಿ ಮಾಡಿ ಸಂಸಾರ ನಡೆಸಿದನು. ಬರಬೇಕಾದ ರಾಯಲ್ಟಿಯ ಬಹುಪಾಲು ಕೈಸೇರದೆ 1974ರಲ್ಲಿ ಸತ್ತನು. ಎಲ್ವಿಸ್ ಅವನನ್ನು ಬಹಿರಂಗವಾಗಿ ಹೊಗಳಿದ್ದುಂಟು. ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ.

ಹತ್ತಿ ಬೆಳೆದವನೊಬ್ಬ, ನೂಲು ತೆಗೆದವನೊಬ್ಬ, ಲಾಭ ಎಣಿಸಿದವನು ಮತ್ತೊಬ್ಬ! ಗಿರಣಿಯವರಿಗೆ ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಲೇಬಾರದೆ? ಹಾಗಲ್ಲ. ನಮ್ಮ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಅಪರಾಳ ತಮ್ಮಣ್ಣನವರು ಕಟ್ಟಿದ್ದನ್ನು ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣನವರು ತಿದ್ದಿ ಬೆಳೆಸಿದರು. ಕೌಜಲಗಿ ನಿಂಗಮ್ಮ ಅದನ್ನು ಹಾಡಿ ಆಡಿ ನಾಡಿಗೆಲ್ಲ ಹೆಸರಾದಳು. ಅವರ ದಾರಿಯಲ್ಲಿ ಎಷ್ಟೋ ಮೇಳಗಳು ನಡೆದವು. ಒಬ್ಬರ ಕಂಠದಿಂದ ಇನ್ನೊಬ್ಬರ ಕಂಠಕ್ಕೆ ಹೋಗದಿದ್ದರೆ ಪಾರಿಜಾತ ಎಂದೋ ಒಣಗುತ್ತಿತ್ತು. ಹಾಡನ್ನು ಪಡೆಯುವುದು ತಪ್ಪಲ್ಲ. ಪಡೆದ ಮೇಲೆ ಉದ್ರಿ ಮುಟ್ಟಿಸದಿರುವುದು ತಪ್ಪು. ಅಂಗಡಿಕಾರರೇ, ಉದ್ರಿ ಒಯ್ದವನು ಓಣಿ ತಪ್ಪಿಸಿ ತಿರುಗಿದರೆ ನೀವು ಬಿಡುತ್ತೀರಾ?

ಉದ್ರಿ ಮುಟ್ಟಿಸುವ ದಾರಿಯೂ ಇದೆ. ‘ಗ್ರೇಸ್‌ಲ್ಯಾಂಡ್’ ತಟ್ಟೆಗಾಗಿ ದಕ್ಷಿಣ ಆಫ್ರಿಕದಲ್ಲಿ ನುಡಿಸಿದ ಕರಿಯ ವಾದ್ಯಗಾರರಿಗೆ ಸೈಮನ್ ನ್ಯೂಯಾರ್ಕಿನ ಸಂಘದ ದರದ ಮೂರು ಪಟ್ಟು ಕೂಲಿ ಕೊಟ್ಟನು; ಕೆಲವರ ಹೆಸರನ್ನು ಹಾಡು ಕಟ್ಟಿದವರ ಸಾಲಿನಲ್ಲಿ ಸೇರಿಸಿದನು. ವರ್ಣಭೇದದ ಸರಕಾರದ ಮೇಲಿದ್ದ ಸಾಂಸ್ಕೃತಿಕ ಬಹಿಷ್ಕಾರವನ್ನು ಮುರಿದನೆಂದು ಅವನ ಮೇಲೆ ಟೀಕೆ ಬಂತು. ಅದು ಸಣ್ಣ ಟೀಕೆಯಲ್ಲ. ಆದರೂ ಒಂದು ಮಾತು ಗಮನಿಸಿರಿ: ಮೂರು ಪಟ್ಟು ಎನ್ನಬೇಕಾದರೆ ಮೊದಲು ಒಂದು ದರ ಇರಬೇಕು. ಆ ದರವನ್ನು ಗೊತ್ತುಮಾಡಿದ್ದು ಸಂಘ.

ನಮ್ಮ ದೇಶದಲ್ಲಿಯೂ 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆ ತಿದ್ದುಪಡಿಯಾಗಿ, ಸಿನೆಮಾ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಗೆ ರಕ್ಷಣೆ ಸಿಕ್ಕಿತು. ಜಾತ್ರೆಯಲ್ಲಿ ಬೆಳತನಕ ಹಾಡುವ ಮೇಳದವನು ಕಾಯಿದೆಯ ದಾರಿ ಕಾಯುತ್ತ ಕುಳಿತರೆ ಆಗದು. ಕೆಲಸ ನಾವೇ ಮಾಡಬೇಕು. ವೀಳ್ಯ ಕೊಡುವಾಗಲೇ ಸಂಬಳ ಗೊತ್ತುಮಾಡಿ ಬರೆದಿಡಬೇಕು. ಹಾಡನ್ನು ಯಂತ್ರದಲ್ಲಿ ಹಿಡಿದು ಮಾರುವವನು ಮೇಳಕ್ಕೆ ಪಾಲು ಕೊಡಬೇಕು. ಹಾಡಿದವರ ಹೆಸರು ಹಾಕಬೇಕು. ಜಾತ್ರೆಗೆ ಪಟ್ಟಿ ಕೊಡುವವರು ನೀವು, ವ್ಯಾಪಾರಿಗಳೇ. ಕೇಳುವ ಅಧಿಕಾರ ನಿಮಗಿದೆ. ಸಂಘ ಕಟ್ಟಿ ಬಲ್ಲವರು ನೀವು, ಗಿರಣಿಯ ಅಣ್ಣಂದಿರೇ. ಹಾಡುಗಾರರಿಗೂ ಆ ದಾರಿ ತೋರಿಸಿರಿ.

ದೊರೆಗಳ ಹಾಡು ಬಹಳ ಕೇಳಿದ್ದಾಯಿತು. ದುಡಿದವರ ಲೆಕ್ಕ ಇನ್ನು ಚುಕ್ತಾ ಆಗಲಿ.