ಅಡುಗೆಮನೆ ಕ್ಲೀನ್ ಮಾಡೋಕೆ ಹೋಗಿ ಆಸ್ಪತ್ರೆಗೆ ಹೋದ ಕಥೆ

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಾ ಕೇಳ್ತಿರೋರಿಗೆ ಇವತ್ತಿನ ಎಪಿಸೋಡ್ ಸರಿಯಾಗಿ ಹೊಂದುತ್ತೆ.

ಹೋದ ಯುಗಾದಿಗೆ ಅಮ್ಮ ಊರಿಂದ ಬೆಂಗಳೂರಿಗೆ ಬರ್ತೀನಿ ಅಂದ್ರು. ನಾನೂ ನನ್ನ ರೂಮ್‌ಮೇಟೂ ಅಡುಗೆಮನೆ ಕಡೆ ಒಂದ್ಸಲ ತಿರುಗಿ ನೋಡಿದ್ವಿ. ಎರಡು ವರ್ಷದ ಒಗ್ಗರಣೆಯೆಲ್ಲ ಟೈಲ್ಸ್ ಮೇಲೆ ಕೂತಿತ್ತು. ಸಿಂಕ್ ಕಟ್ಕೊಂಡಿತ್ತು. ಬೇಗ ಆಗ್ಲಿ ಅಂತ ಸಿಂಕಿಗೆ ಬ್ಲೀಚಿಂಗ್ ಪೌಡರ್ ಸುರಿದೆ, ಅದರ ಮೇಲೆ ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದೆ. ಅಷ್ಟೇ! ಮೂಗೆಲ್ಲ ಉರಿ, ಕಣ್ಣಲ್ಲಿ ನೀರು, ಉಸಿರು ಎಳೆದ್ರೆ ಎದೆ ಹಿಡಿದ ಹಾಗೆ. ರೂಮ್‌ಮೇಟ್ ನನ್ನನ್ನ ಹೊರಗೆ ಎಳ್ಕೊಂಡು ಹೋಗಿ, ಅಲ್ಲಿಂದ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋದ.

ಅವತ್ತು ಸಿಂಕಿಂದ ಎದ್ದಿದ್ದು ಕ್ಲೋರಿನ್ ಅನಿಲ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ್ ಹತ್ರ ಜರ್ಮನ್ ಸೇನೆ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ನಾನು ಅದನ್ನ ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ತಯಾರು ಮಾಡಿದ್ದೆ. ಬ್ಲೀಚ್ ಜೊತೆ ಆಸಿಡ್ ಬೇಡ, ವಿನೆಗರ್ ಬೇಡ, ಅಮೋನಿಯಾ ಇರೋ ಗಾಜಿನ ಕ್ಲೀನರ್ ಕೂಡ ಬೇಡ. ಒಂದು ಸಲಕ್ಕೆ ಒಂದೇ ಬಾಟಲಿ, ಕಿಟಕಿ ತೆಗೆದಿರಲಿ.

ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿದ್ವಿ. ಈ ಸಲ ಮೇಲಿಂದ ಕೆಳಕ್ಕೆ: ಸಜ್ಜೆ, ಎಕ್ಸಾಸ್ಟ್ ಫ್ಯಾನ್, ಟೈಲ್ಸ್, ಕಟ್ಟೆ, ಕೊನೆಗೆ ನೆಲ. ಫ್ಯಾನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿದ್ವಿ. ಜಿಡ್ಡಿಗೆ ಬೇಕಾಗಿದ್ದು ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್, ಜೊತೆಗೆ ತಾಳ್ಮೆ. ಹಚ್ಚಿ ಹದಿನೈದು ನಿಮಿಷ ಬಿಟ್ರೆ ಉಜ್ಜೋ ಕೆಲಸ ಅರ್ಧ ಆಗುತ್ತೆ. ಚಿಮಣಿ ಫಿಲ್ಟರ್ ಸ್ಟೀಲ್ ಆಗಿದ್ರೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಬಹುದು. ಅಲ್ಯೂಮಿನಿಯಂ ಆದ್ರೆ ಬೇಡ, ಕಪ್ಪಾಗುತ್ತೆ. ಅಂದಹಾಗೆ, ರೀಲ್ಸ್‌ನಲ್ಲಿ ಅಡುಗೆ ಸೋಡಾಗೆ ವಿನೆಗರ್ ಹಾಕಿ ನೊರೆ ಬರಿಸ್ತಾರಲ್ಲ? ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಒಂದು ಇನ್ನೊಂದರ ಶಕ್ತಿನ ತಿಂದುಹಾಕುತ್ತೆ, ಕೊನೆಗೆ ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರು.

ಸ್ಟೌ ಸರಿಸಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಗ್ಯಾಸ್ ಪೈಪ್ ಮೇಲೆ ಸಣ್ಣ ಸಣ್ಣ ಬಿರುಕು! ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಮ್ಮದು ಯಾವ ಕಾಲದ್ದೋ. ಅವತ್ತೇ ರೆಗ್ಯುಲೇಟರ್ ಬಂದ್ ಮಾಡಿ ಹೊಸದು ಹಾಕಿಸಿದ್ವಿ. ಗ್ಯಾಸ್ ಸೋರಿದ ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಅಮ್ಮ ಬಂದ್ರು. ಟೈಲ್ಸ್ ನೋಡಿದ್ರು, ಸಿಂಕ್ ನೋಡಿದ್ರು, ಏನೂ ಮಾತಾಡಲಿಲ್ಲ. ಆಮೇಲೆ ಮಿಕ್ಸಿ ಎತ್ತಿ ಅದರ ಕೆಳಗೆ ನೋಡಿದ್ರು. ಅಲ್ಲಿ ಮಾತ್ರ ನಾವು ಒರೆಸಿರಲಿಲ್ಲ.