ಶೌಕ್ ಇರಲಿ, ಶೋಕಿ ಬೇಡ

(ಸಂಸ್ಥೆಯ ವಾರ್ಷಿಕ ಕ್ರೀಡಾಕೂಟದ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಕ್ರೀಡೆಯ ಬಗ್ಗೆ ಮಾತನಾಡಲು ದೈಹಿಕ ಶಿಕ್ಷಣ ಶಿಕ್ಷಕರನ್ನು ಬಿಟ್ಟು ಭಾಷಾ ಶಿಕ್ಷಕನನ್ನು ಏಕೆ ಕರೆದರು ಎಂದು ನಿಮಗೆ ಅನಿಸಬಹುದು. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಆದ್ದರಿಂದ ನನ್ನ ಮಾತನ್ನು ಎರಡು ಪದಗಳಿಂದಲೇ ಆರಂಭಿಸುತ್ತೇನೆ.

ಮೊದಲನೆಯದು 'ಶೌಕ್'. ಉರ್ದುವಿನಲ್ಲಿ ಶೌಕ್ ಎಂದರೆ ಮನಸ್ಸಿನ ಒಲವು, ಆಸೆ, ಹಂಬಲ. ಹಣಕ್ಕಾಗಿ ಅಲ್ಲದೆ ಪ್ರೀತಿಯಿಂದ ಆಡುವವನನ್ನು ಉರ್ದುವಿನಲ್ಲಿ 'ಶೌಕಿಯಾ ಖಿಲಾಡಿ' ಎನ್ನುತ್ತಾರೆ. ಕನ್ನಡದಲ್ಲಿ ಅವನೇ ಹವ್ಯಾಸಿ ಕ್ರೀಡಾಪಟು. ಆದರೆ ಇದೇ ಶೌಕ್ ನಮ್ಮ ಆಡುಮಾತಿಗೆ ಬಂದಾಗ 'ಶೋಕಿ' ಆಯಿತು. ಶೋಕಿ ಎಂದರೆ ಬರೀ ಮೇಲಿನ ಥಳುಕು, ದುಡ್ಡು ಹಾಳು ಮಾಡುವ ಚಟ. ಎರಡನೆಯದು 'ತಾಲೀಮ್'. ಉರ್ದುವಿನಲ್ಲಿ ಇದಕ್ಕೆ ಶಿಕ್ಷಣ, ವಿದ್ಯಾಭ್ಯಾಸ ಎಂಬ ಅರ್ಥವಿದೆ. ಇದೇ ಪದ ಕನ್ನಡಕ್ಕೆ ಬಂದು 'ತಾಲೀಮು' ಆದಾಗ ಅಂಗಸಾಧನೆ, ಗರಡಿಮನೆಯ ಅಭ್ಯಾಸ ಎಂಬ ಅರ್ಥ ಪಡೆಯಿತು. ಓದಿಗೂ ದೇಹದ ಸಾಧನೆಗೂ ನಮ್ಮ ಎರಡು ಭಾಷೆಗಳಲ್ಲಿ ಒಂದೇ ಪದವಿದೆ ಎಂಬುದನ್ನು ಪಾಲಕರು ದಯವಿಟ್ಟು ಗಮನಿಸಬೇಕು.

"ಮಾಸ್ತರ್, ಆಟ ಗೀಟ ಎಲ್ಲಾ ಶೋಕಿ, ಹುಡುಗ ಓದಲಿ" ಎಂದು ಹೇಳುವ ಪಾಲಕರು ಇಂದಿಗೂ ಇದ್ದಾರೆ. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಶೌಕ್ ಯಾವಾಗ ಶೋಕಿಯಾಗುತ್ತದೆ, ಯಾವಾಗ ತಾಲೀಮ್ ಆಗುತ್ತದೆ ಎಂಬುದನ್ನು ತಿಳಿಯಲು ಇಂದು ಒಂದು ಅಪರೂಪದ ಕ್ರೀಡೆಯ ಪರಿಚಯ ಮಾಡಿಕೊಡುತ್ತೇನೆ. ಅದರ ಹೆಸರು ಆಫ್-ರೋಡ್ ಟ್ರಯಥ್ಲಾನ್.

ಟ್ರಯಥ್ಲಾನ್ ಎಂದರೆ ಮೂರು ಸ್ಪರ್ಧೆಗಳು ಸೇರಿ ಆದ ಒಂದು ಸ್ಪರ್ಧೆ. ಮೊದಲು ಈಜು, ನಂತರ ಸೈಕಲ್, ಕೊನೆಗೆ ಓಟ. ನಡುವೆ ವಿಶ್ರಾಂತಿ ಇಲ್ಲ. 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಅಲ್ಲಿನ ಓಟಗಾರರ ಸಂಘವೊಂದು ಇದನ್ನು ನಡೆಸಿದಾಗ ಭಾಗವಹಿಸಿದವರು ಕೇವಲ 46 ಜನ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. ಅಲ್ಲಿ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ನಮ್ಮ ನೆರೆಯ ಗೋವಾದಲ್ಲಿಯೂ 2019ರಲ್ಲಿ ಇನ್ನೂ ಉದ್ದದ ಟ್ರಯಥ್ಲಾನ್ ನಡೆಯಿತು. ಇವೆಲ್ಲವೂ ಡಾಂಬರು ರಸ್ತೆಯ ಸ್ಪರ್ಧೆಗಳು.

1996ರಲ್ಲಿ ಹವಾಯಿ ದ್ವೀಪಗಳಲ್ಲಿ ಒಂದಾದ ಮಾವಿಯಲ್ಲಿ ಕೆಲವರು ಸೈಕಲ್ ಮತ್ತು ಓಟವನ್ನು ರಸ್ತೆಯಿಂದ ಬೆಟ್ಟದ ಕಾಲುದಾರಿಗೆ ಇಳಿಸಿದರು. ಮೊದಲು 'ಅಕ್ವಾಟೆರಾ' ಎಂದು ಕರೆಯಲಾಗಿದ್ದ ಈ ಸ್ಪರ್ಧೆ ಮುಂದೆ 'ಎಕ್ಸ್‌ಟೆರಾ' ಎಂಬ ಹೆಸರಿನಿಂದ ಹಲವಾರು ದೇಶಗಳಿಗೆ ಹಬ್ಬಿತು. ಸಮುದ್ರದಲ್ಲಿ 1.5 ಕಿಲೋಮೀಟರ್ ಈಜು, ಬೆಟ್ಟದಲ್ಲಿ ಸುಮಾರು 30 ಕಿಲೋಮೀಟರ್ ಸೈಕಲ್, ಆಮೇಲೆ ಕಾಡುದಾರಿಯಲ್ಲಿ ಸುಮಾರು 10 ಕಿಲೋಮೀಟರ್ ಓಟ. ಇದರ ವಿಶ್ವ ಚಾಂಪಿಯನ್‌ಷಿಪ್ 2021ರವರೆಗೂ ಮಾವಿಯಲ್ಲೇ ನಡೆದು 2022ರಲ್ಲಿ ಇಟಲಿಯ ಮೊಲ್ವೇನೊ ಎಂಬ ಊರಿಗೆ ಹೋಯಿತು. ಅಂತರರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟವೂ 2011ರಲ್ಲಿ ಸ್ಪೇನ್ ದೇಶದಲ್ಲಿ ಇಂಥದೇ ವಿಶ್ವ ಸ್ಪರ್ಧೆಯನ್ನು ಆರಂಭಿಸಿತು.

ಮಾವಿಯ ಹಳೆಯ ಮಾರ್ಗ ಹಾಲೆಯಾಕಲಾ ಎಂಬ ಜ್ವಾಲಾಮುಖಿ ಪರ್ವತದ ಇಳಿಜಾರಿನಲ್ಲಿತ್ತು. ಕಾಲಿಟ್ಟರೆ ಜಾರುವ ಸಡಿಲ ಮಣ್ಣು, ಚೂರಿಯಂತೆ ಹರಿತವಾದ ಲಾವಾ ಕಲ್ಲು, ಅದರ ಜೊತೆಗೆ 'ಕಿಯಾವೆ' ಎಂಬ ಮರದ ಮುಳ್ಳು. ಈ ಕಿಯಾವೆ ಬೇರಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಜಾಲಿ ಮುಳ್ಳು ಸೈಕಲ್ ಚಕ್ರಕ್ಕೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಕುಳಿತಿರುವ ಹುಡುಗರಿಗೆ ನಾನು ವಿವರಿಸಬೇಕಾಗಿಲ್ಲ!

ಬಂಧುಗಳೇ, ಈ ಸ್ಪರ್ಧೆಯ ವಿಶೇಷವೇನೆಂದರೆ ಇದು ಕೇವಲ ಚಾಂಪಿಯನ್ನರದ್ದಲ್ಲ. ಹಣಕ್ಕಾಗಿ ಸ್ಪರ್ಧಿಸುವ ವೃತ್ತಿಪರರು ಕೆಲವರೇ. ಉಳಿದವರೆಲ್ಲ ಹವ್ಯಾಸಿಗಳು. ನೌಕರಿ ಮಾಡುವವರು, ವ್ಯಾಪಾರಿಗಳು, ಮಕ್ಕಳ ತಾಯಂದಿರು, ನನ್ನಂಥ ಶಿಕ್ಷಕರು. ಚಾಂಪಿಯನ್ನರು ಹೋಗುವ ಅದೇ ಕಲ್ಲು ಮುಳ್ಳಿನ ದಾರಿಯಲ್ಲಿ ಇವರೂ ಹೋಗಬೇಕು. ಇವರಿಗೆ ಬೇರೆ ಸುಲಭದ ದಾರಿ ಇಲ್ಲ. ಆದರೆ ಬಹುಮಾನವನ್ನು ವಯಸ್ಸಿನ ಗುಂಪುಗಳಿಗೆ ಅನುಸಾರವಾಗಿ ಕೊಡುತ್ತಾರೆ. ಐವತ್ತು ದಾಟಿದವನನ್ನು ಇಪ್ಪತ್ತರ ತರುಣನ ಜೊತೆ ಹೋಲಿಸುವುದಿಲ್ಲ.

ಆ ಹವ್ಯಾಸಿಯ ಅನುಭವ ಹೇಗಿರುತ್ತದೆ? ನೌಕರಿಗೆ ಹೋಗುವ ಮುಂಚೆ ಈಜು, ಸಂಜೆ ಓಟ, ರಜೆಯ ದಿನ ಸೈಕಲ್. ಹೀಗೆ ತಿಂಗಳುಗಟ್ಟಲೆ ಅಭ್ಯಾಸ. ಸೈಕಲ್ ಇಳಿದ ತಕ್ಷಣ ಓಡುವ ಒಂದು ಅಭ್ಯಾಸಕ್ಕೆ ಅವರು 'ಬ್ರಿಕ್', ಅಂದರೆ ಇಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ಸೈಕಲ್ ಇಳಿದು ಓಡತೊಡಗಿದವನಿಗೆ ತನ್ನ ಕಾಲುಗಳು ತನ್ನವಲ್ಲ ಎನಿಸುತ್ತದೆ. ಕಾಲಿಗೆ ಇಟ್ಟಿಗೆ ಕಟ್ಟಿದಷ್ಟು ಭಾರ. ಅಭ್ಯಾಸದಿಂದ ಮಾತ್ರ ಆ ಭಾರ ಕಡಿಮೆಯಾಗುತ್ತದೆ.

ಸ್ಪರ್ಧೆಯ ದಿನ ಮೊದಲ ಪರೀಕ್ಷೆ ಸಮುದ್ರ. ಕೊಳದಲ್ಲಿರುವಂತೆ ಇಲ್ಲಿ ತಳದಲ್ಲಿ ಗೆರೆ ಇರುವುದಿಲ್ಲ. ಸುತ್ತಲೂ ನೂರಾರು ಜನರ ಕೈಕಾಲು ಬಡಿತ, ಬಾಯಿಗೆ ಉಪ್ಪುನೀರು. ಕೆಲವು ಬಾರಿ ಕೈ ಬೀಸಿದ ಮೇಲೆ ತಲೆಯೆತ್ತಿ ನೀರಿನ ಮೇಲೆ ತೇಲುವ ಗುರುತನ್ನು ನೋಡಿಕೊಳ್ಳಬೇಕು. ನೋಡದಿದ್ದರೆ ಎಷ್ಟು ಶಕ್ತಿಯಿಂದ ಈಜಿದರೂ ಬೇರೆ ದಿಕ್ಕಿಗೆ ಹೋಗುತ್ತಾನೆ.

ದಡಕ್ಕೆ ಬಂದವನು ಒದ್ದೆ ಮೈಯಲ್ಲೇ ಸೈಕಲ್ ಹತ್ತಿರ ಓಡಬೇಕು. ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೆಲ್ಮೆಟ್ ಧರಿಸಿ ಅದರ ಪಟ್ಟಿ ಬಿಗಿದ ನಂತರವೇ ಸೈಕಲ್ ಮುಟ್ಟಬೇಕು. ಎಷ್ಟೇ ಅವಸರವಿದ್ದರೂ ಇದರಲ್ಲಿ ವಿನಾಯಿತಿ ಇಲ್ಲ. ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಮೋಟಾರು ಸೈಕಲ್ ಓಡಿಸುವ ನಮ್ಮ ಯುವಕರು ಇದನ್ನು ನೆನಪಿಡಬೇಕು.

ನಂತರ ಬೆಟ್ಟದ ಏರು. ದಪ್ಪ ಟೈರಿನ ಸೈಕಲ್ಲೂ ಸಡಿಲ ಮಣ್ಣಿನಲ್ಲಿ ಜಾರುತ್ತದೆ. ಅಂಥ ಕಡೆ ಹವ್ಯಾಸಿ ಇಳಿದು ಸೈಕಲ್ ತಳ್ಳಿಕೊಂಡು ನಡೆಯುತ್ತಾನೆ. ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಇಳಿಜಾರಿನಲ್ಲಿ ಮತ್ತೊಂದು ಪಾಠ. ಬೆಟ್ಟದ ಸೈಕಲ್ ಕಲಿಸುವವರು, 'ಕಲ್ಲನ್ನು ನೋಡಬೇಡಿ, ಹೋಗಬೇಕಾದ ದಾರಿಯನ್ನು ನೋಡಿ' ಎನ್ನುತ್ತಾರೆ. ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ. ಕಲ್ಲನ್ನೇ ದಿಟ್ಟಿಸುವವನು ಕಲ್ಲಿಗೇ ಡಿಕ್ಕಿ ಹೊಡೆಯುತ್ತಾನೆ. ಪರೀಕ್ಷೆಯ ಭಯದಲ್ಲಿ ನಪಾಸಿನ ಚಿಂತೆಯನ್ನೇ ಮಾಡುವ ಹತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪದೇಶ ನನಗೆ ತೋರುವುದಿಲ್ಲ.

ಪಂಕ್ಚರ್ ಆದರೆ ದಾರಿಬದಿ ಕುಳಿತು ತಾನೇ ಸರಿಪಡಿಸಿಕೊಳ್ಳಬೇಕು. ಟ್ಯೂಬು, ಪಂಪು ತನ್ನ ಬಳಿಯೇ ಇರಬೇಕು. ಹಿಂದೆ ಹಾಕಿದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಸಾಗುವುದನ್ನು ನೋಡುತ್ತಾ, ಕೋಪ ಮಾಡಿಕೊಳ್ಳದೆ ಕೈಕೆಲಸ ಮಾಡಬೇಕು. ಸಬರ್ ಎಂಬ ಪದಕ್ಕೆ ಅರ್ಥ ಅಲ್ಲಿ ತಿಳಿಯುತ್ತದೆ. ಆಮೇಲೆ ಮರದ ಬೇರು, ಧೂಳು, ಕೆಸರಿನ ನಡುವೆ ಓಟ. ನಿಗದಿತ ಸಮಯದೊಳಗೆ ನಿಗದಿತ ಸ್ಥಳ ತಲುಪದವರನ್ನು ಸ್ಪರ್ಧೆಯಿಂದ ಹೊರಗಿಡುತ್ತಾರೆ. ಮಾವಿಯಲ್ಲಿ ಚಾಂಪಿಯನ್ನರು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿದ್ದ ದಾರಿಗೆ ಅನೇಕ ಹವ್ಯಾಸಿಗಳಿಗೆ ನಾಲ್ಕು ಗಂಟೆಗೂ ಮೀರಿ ಬೇಕಾಗುತ್ತಿತ್ತು. ಗೆದ್ದವರು ಯಾವಾಗಲೋ ಊಟ ಮುಗಿಸಿರುತ್ತಾರೆ. ಆದರೂ ಕೊನೆಯವನು ಬರುವಾಗ ಅವನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಯಾರನ್ನೂ ಸೋಲಿಸಿಲ್ಲ. ಆರಂಭಿಸಿದ ಕೆಲಸವನ್ನು ಮುಗಿಸಿದ್ದಾನೆ, ಅಷ್ಟೇ. ಅದು ಸಣ್ಣ ಮಾತಲ್ಲ.

ವಯಸ್ಸಾಯಿತು ಎನ್ನುವವರಿಗಾಗಿ ಒಂದು ಉದಾಹರಣೆ. ಅಮೆರಿಕದ ನೆಡ್ ಓವರೆಂಡ್ 1990ರಲ್ಲಿ ಬೆಟ್ಟದ ಸೈಕಲ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದವರು. ಅವರು 1998 ಮತ್ತು 1999ರಲ್ಲಿ ಮಾವಿಯ ಸ್ಪರ್ಧೆಯನ್ನು ಗೆದ್ದಾಗ ಅವರ ವಯಸ್ಸು 43 ಮತ್ತು 44.

ಹೆಣ್ಣುಮಕ್ಕಳಿಗಾಗಿ ಇನ್ನೊಂದು. ಸ್ಕಾಟ್ಲೆಂಡಿನ ಲೆಸ್ಲಿ ಪ್ಯಾಟರ್ಸನ್ ಯುವತಿಯಾಗಿದ್ದಾಗ ಅವರ ಈಜು ಸಾಲದು ಎನ್ನಲಾಯಿತು. ಅವರು ಕ್ರೀಡೆ ಬಿಟ್ಟು ನಾಟಕದ ಓದಿಗೆ ಹೋದರು. ವರ್ಷಗಳ ನಂತರ ಮರಳಿ ಬಂದು, ಬೆಟ್ಟದ ದಾರಿಯ ಈ ಸ್ಪರ್ಧೆಯಲ್ಲಿ 2011, 2012 ಮತ್ತು 2018ರಲ್ಲಿ ವಿಶ್ವ ಚಾಂಪಿಯನ್ ಆದರು. ಇಷ್ಟೇ ಅಲ್ಲ, ಮೊದಲ ಮಹಾಯುದ್ಧದ ಕುರಿತು ರೆಮಾರ್ಕ್ ಬರೆದ ಪ್ರಸಿದ್ಧ ಜರ್ಮನ್ ಕಾದಂಬರಿಯನ್ನು ಚಲನಚಿತ್ರ ಮಾಡಬೇಕೆಂದು ಅದರ ಹಕ್ಕಿಗಾಗಿ ಅನೇಕ ವರ್ಷ ತಮ್ಮ ಬಹುಮಾನದ ಹಣವನ್ನೂ ಸುರಿದರು. ಆ ಚಿತ್ರ 2022ರಲ್ಲಿ ತೆರೆಕಂಡು 2023ರಲ್ಲಿ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಚಿತ್ರಕಥೆಗಾಗಿ ಲೆಸ್ಲಿ ಮತ್ತು ಅವರ ಸಂಗಡಿಗರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಆಟ ಆಡಿದರೆ ಓದು ಬರಹ ಕೆಡುತ್ತದೆ ಎನ್ನುವವರಿಗೆ ಬೇರೆ ಉತ್ತರ ಬೇಕೆ?

ನಮ್ಮ ಉಡುಪು, ನಮ್ಮ ಮರ್ಯಾದೆ ಇದಕ್ಕೆ ಅಡ್ಡಿಯಲ್ಲವೇ ಎಂದು ಕೆಲವು ತಾಯಂದಿರು ಕೇಳಬಹುದು. ಅಮೆರಿಕದ ಖದೀಜಾ ಡಿಗ್ಸ್ ಎಂಬ ಮುಸ್ಲಿಂ ಮಹಿಳೆ ಹಿಜಾಬ್ ಧರಿಸಿಯೇ ರಸ್ತೆಯ ಟ್ರಯಥ್ಲಾನ್‌ನಲ್ಲಿ ಹವ್ಯಾಸಿಯಾಗಿ ತಮ್ಮ ದೇಶವನ್ನು ಪ್ರತಿನಿಧಿಸಿದ್ದಾರೆ. ಅಷ್ಟು ದೂರ ಹೋಗುವುದೇ ಬೇಡ. ಪ್ರವಾದಿ ಮುಹಮ್ಮದ್ (ಸ) ಅವರು ಪ್ರಯಾಣದ ಸಂದರ್ಭದಲ್ಲಿ ಹಝ್ರತ್ ಆಯಿಶಾ (ರ) ಅವರೊಂದಿಗೆ ಓಟದ ಪಂದ್ಯ ನಡೆಸಿದ ಸಂಗತಿ ಹದೀಸ್‌ಗಳಲ್ಲಿ ಬಂದಿದೆ. ಮೊದಲ ಬಾರಿ ಆಯಿಶಾ (ರ) ಗೆದ್ದರು, ಮತ್ತೊಂದು ಬಾರಿ ಪ್ರವಾದಿಯವರು (ಸ) ಗೆದ್ದರು. ಓಟವನ್ನು ಶೋಕಿ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಸಂಸ್ಥೆಯ ಹಿರಿಯರಲ್ಲಿ ನಾಲ್ಕು ವಿನಂತಿಗಳು.

ಒಂದು, ಆಟದ ಅವಧಿಯನ್ನು ಆಟಕ್ಕೇ ಬಿಡೋಣ. ಪರೀಕ್ಷೆ ಹತ್ತಿರ ಬಂತೆಂದು ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ತೆಗೆದುಕೊಳ್ಳುವುದು ಬೇಡ. ಭಾಷಾ ಶಿಕ್ಷಕರಿಗೂ ಈ ಮಾತು ಅನ್ವಯಿಸುತ್ತದೆ.

ಎರಡು, ಮಕ್ಕಳಿಗೆ ಈಜು ಕಲಿಸುವ ವ್ಯವಸ್ಥೆಯಾಗಲಿ. ಬೇಸಿಗೆ ರಜೆ ಬಂತೆಂದರೆ ಕೆರೆಗೋ ನದಿಗೋ ಹೋದ ಮಕ್ಕಳ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ 'ಇನ್ನಾ ಲಿಲ್ಲಾಹಿ' ಹೇಳಿ ಸುಮ್ಮನಾಗುತ್ತೇವೆ. ಈಜು ಬಹುಮಾನದ ವಿಷಯವಲ್ಲ, ಜೀವದ ವಿಷಯ. ತರಬೇತಿ ಪಡೆದ ಶಿಕ್ಷಕರ ಎದುರಿನಲ್ಲಿ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯದಲ್ಲಿ ಮಹಿಳಾ ತರಬೇತುದಾರರಿಂದ ಇದು ಸಾಧ್ಯ.

ಮೂರು, ಮುಂದಿನ ವರ್ಷದ ಕ್ರೀಡಾಕೂಟದಲ್ಲಿ ಒಂದು ದೂರದ ಓಟವಿರಲಿ. ಅದರಲ್ಲಿ ಪ್ರತಿಯೊಂದು ಮಗುವೂ ಭಾಗವಹಿಸಲಿ, ಮುಗಿಸಿದ ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಸಿಗಲಿ. ಇಂದು ಬಹುಮಾನ ಪಡೆದ ಮಕ್ಕಳಿಗೆ ನನ್ನ ಹೃತ್ಪೂರ್ವಕ ಮುಬಾರಕ್‌ಬಾದ್. ಆದರೆ ಈ ಸಭೆಯಲ್ಲಿ ಚಪ್ಪಾಳೆ ತಟ್ಟಲು ಮಾತ್ರ ಕುಳಿತಿರುವ ನೂರಾರು ಮಕ್ಕಳಿಗೂ ಕಾಲುಗಳಿವೆ, ಶೌಕ್ ಇದೆ. ತಾಲ್ಲೂಕು ಮಟ್ಟಕ್ಕೆ ಹೋಗುವ ನಾಲ್ಕು ಮಕ್ಕಳಿಗಾಗಿ ಮಾತ್ರ ಮೈದಾನ ಇರುವುದಲ್ಲ.

ನಾಲ್ಕು, ಏಳನೇ ತರಗತಿ ದಾಟಿದ ಕೂಡಲೇ ಹೆಣ್ಣುಮಕ್ಕಳು ಮೈದಾನದಿಂದ ಮರೆಯಾಗುತ್ತಾರೆ. ಅವರಿಗೆ ಸರಿಯಾದ ಸಮಯ, ಸುರಕ್ಷಿತ ಜಾಗ, ಮರ್ಯಾದೆಯ ಉಡುಪು ಒದಗಿಸುವುದು ನಮ್ಮ ಹೊಣೆ. ಆಡುವುದೋ ಬೇಡವೋ ಎಂದು ಆಮೇಲೆ ಅವರೇ ಹೇಳಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಮೂರು ಸ್ಪರ್ಧೆಗಳಲ್ಲಿ ಒಂದರಲ್ಲಿ ಎಷ್ಟೇ ಬಲಶಾಲಿಯಾಗಿದ್ದರೂ ಉಳಿದೆರಡನ್ನು ಬಿಟ್ಟುಬಿಡಲು ಹವ್ಯಾಸಿಗೆ ಆಗುವುದಿಲ್ಲ. ಈಜಲು ಅಂಜುವವನು ಹೆಚ್ಚು ಹೊತ್ತು ಈಜನ್ನೇ ಅಭ್ಯಾಸ ಮಾಡುತ್ತಾನೆ. ನೀವೂ ಯಾವ ವಿಷಯಕ್ಕೆ ಹೆದರುತ್ತೀರೋ ಆ ಪುಸ್ತಕವನ್ನೇ ಬೆಳಿಗ್ಗೆ ಮೊದಲು ತೆರೆಯಿರಿ. ದುಬಾರಿ ಬೂಟು ಹಾಕಿ ಫೋಟೋ ತೆಗೆಸಿಕೊಂಡು ಮನೆಗೆ ಹೋಗುವುದು ಶೋಕಿ. ಹಳೆಯ ಬೂಟಿನಲ್ಲಿ ದಿನವೂ ಫಜರ್ ನಮಾಜಿನ ನಂತರ ಅರ್ಧ ಗಂಟೆ ಓಡುವುದು ಶೌಕ್. ಅದು ಬಿಡದೆ ನಡೆದರೆ ತಾಲೀಮ್.

ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ವಿದ್ಯೆಯನ್ನೂ ಆರಂಭಿಸಿದ್ದನ್ನು ಮುಗಿಸುವ ಹಿಮ್ಮತ್ತನ್ನೂ ಅಲ್ಲಾಹನು ಕರುಣಿಸಲಿ, ಆಮೀನ್. 

ಜೈ ಹಿಂದ್. ಜೈ ಕರ್ನಾಟಕ. ಖುದಾ ಹಾಫಿಜ್.