ಹೊಂಗೆ ಬೀಜಕ್ಕೂ ಒಂದು ಖಚಿತ ದರ



ಕಾವೇರಿ ಕೊಡಗನ್ನು ದಾಟಿ ಹಾಸನ ಜಿಲ್ಲೆಗೆ ಕಾಲಿಡುವ ಗಡಿಯೂರು ಈ ಶಿರಂಗಾಲ. ಹೊರಗಿನವರು ಕೊಡಗೆಂದರೆ ಕಾಫಿ ಎನ್ನುತ್ತಾರೆ. ಇಲ್ಲಿರುವುದು ಹಾರಂಗಿ ನೀರುಣ್ಣುವ ಗದ್ದೆ, ಮುಸುಕಿನ ಜೋಳ, ಶುಂಠಿ. ಇಂದು ಇಲ್ಲಿ ತೆರೆದಿರುವ ಜೈವಿಕ ಇಂಧನದ ಪ್ರದರ್ಶನಕ್ಕೆ ಇಂಥ ಊರೇ ತಕ್ಕದ್ದು.

ಜೋಳದ ಹೊಲಕ್ಕೂ ಪೆಟ್ರೋಲ್ ಬಂಕಿಗೂ ಈಗ ನಂಟು ಬೆಳೆದಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಗೆ 2022ರಲ್ಲಿ ತಿದ್ದುಪಡಿಯಾಗಿ, ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ 2030ರ ಬದಲು 2025–26ಕ್ಕೇ ಬಂತು. ಮುಸುಕಿನ ಜೋಳದ ಎಥೆನಾಲ್‌ಗೆ 2023–24ರಲ್ಲಿ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 71.86 ರೂಪಾಯಿ ನಿಗದಿಯಾಯಿತು. ಕೊಳ್ಳುವವರು ಯಾರು, ಎಷ್ಟಕ್ಕೆ ಎಂಬುದು ಮೊದಲೇ ಗೊತ್ತಿದ್ದರೆ ಕೆಲಸ ಓಡುತ್ತದೆ: 2013–14ರಲ್ಲಿ ಶೇ 1.5ರಷ್ಟಿದ್ದ ಮಿಶ್ರಣ 2022ರ ಜೂನ್ ಹೊತ್ತಿಗೆ ಶೇ 10 ಮುಟ್ಟಿತು. ಜೋಳ ಎಥೆನಾಲ್‌ಗೆ ಹೋಗಿ ಕೋಳಿಯ ಆಹಾರ ತುಟ್ಟಿಯಾಯಿತೆಂದು ಕೋಳಿ ಸಾಕುವವರು ಕೂಗಿದ್ದನ್ನೂ ಸರ್ಕಾರ ಕಿವಿಗೊಟ್ಟು ಕೇಳಬೇಕು.

ಡೀಸೆಲ್ ಕಥೆ ಬೇರೆ. 2030ಕ್ಕೆ ಶೇ 5 ಬಯೋಡೀಸೆಲ್ ಗುರಿಯಿದ್ದರೂ ಮಿಶ್ರಣ ಶೇ 1ರ ಒಳಗೇ ತೆವಳಿದೆ.

ದಾರಿ ಗೊತ್ತಿಲ್ಲವೆಂದಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಅದರ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿಸಿದರು. ನೆರೆಯ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ 2007ರಿಂದ ಹೊಂಗೆ, ಬೇವು, ಹಿಪ್ಪೆ, ಸೀಮರೂಬಗಳನ್ನು ಹೊಲದ ಬದುವಿಗೆ, ಹಿತ್ತಲಿಗೆ ತಂದಿತು. ಅನ್ನ ಬೆಳೆಯುವ ಭೂಮಿಯನ್ನು ಮುಟ್ಟದ ಈ ಕ್ರಮವೇ ಎಲ್ಲಕ್ಕಿಂತ ವಿವೇಕದ್ದು. 2009ರಲ್ಲಿ ರಾಜ್ಯದ ನೀತಿ ಬಂತು. ಜೈವಿಕ ಇಂಧನ ಅಭಿವೃದ್ಧಿ ಮಂಡಳಿಯೂ ಹುಟ್ಟಿತು.

ಸುಮಾರು ನಾಲ್ಕು ಕಿಲೋ ಹೊಂಗೆ ಬೀಜ ಅರೆದರೆ ಒಂದು ಲೀಟರ್ ಎಣ್ಣೆ. ಅದಕ್ಕೆ ಮೆಥನಾಲ್ ಮತ್ತು ಕ್ಷಾರ ಸೇರಿಸಿದರೆ ಬಯೋಡೀಸೆಲ್, ಜೊತೆಗೆ ಗ್ಲಿಸರಿನ್. ಉಳಿದ ಹಿಂಡಿ ಶುಂಠಿ ಹೊಲಕ್ಕೆ ಗೊಬ್ಬರ. ಬೀಜ ಆಯುವ ಕೂಲಿ ಹೆಚ್ಚಾಗಿ ಹೆಂಗಸರ ಪಾಲಿನದು. ಆ ದುಡಿಮೆಗೆ ತಕ್ಕ ಬೆಲೆ ಸಿಗದಿದ್ದರೆ ಬೀಜ ಮರದಡಿಯೇ ಉಳಿಯುತ್ತದೆ. ಎಥೆನಾಲ್‌ಗೆ ಕೊಟ್ಟ ಭರವಸೆ ಹೊಂಗೆಗೂ ಬೇಕು: ಮೊದಲೇ ಘೋಷಿಸಿದ ದರ, ಹೋಬಳಿಗೊಂದು ಖರೀದಿ ಕೇಂದ್ರ, ಕೈಗೆಟಕುವ ದೂರದಲ್ಲೊಂದು ಗಾಣ.

ಪ್ರದರ್ಶನ ಈಗ ತೆರೆದಿದೆ. ಯಂತ್ರ ನೋಡುವವರು ನೋಡಲಿ. ಕಿಲೋ ಬೀಜಕ್ಕೆ ಎಷ್ಟು ಕೊಡುತ್ತೀರಿ, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು ಪ್ರತಿ ಮಳಿಗೆಯಲ್ಲೂ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.